ಶ್ರೀಪಾದರಾಯರ ಹಸಿರು ಸ್ಯಾಂಪಲ್

ನಮ್ಮ ಶ್ರೀಪಾದರಾಯರು ರೈತು ಬಜಾರಿಗೆ ಬದನೆಕಾಯಿ ಕೊಳ್ಳಲು ಹೊರಟರೆ ಅವರ ಚೀಲದಲ್ಲಿ ಮೊದಲೇ ಒಂದು ಬದನೆಕಾಯಿ ಇರುತ್ತದೆ. ಅದು ಹಿಂದಿನ ವಾರದ್ದು, ಪಲ್ಯ ಚೆನ್ನಾಗಿ ಆಗಿದ್ದ ಜಾತಿಯದು. ಅದನ್ನು ಎಡಗೈಯಲ್ಲಿ, ಅಂಗಡಿಯದನ್ನು ಬಲಗೈಯಲ್ಲಿ ಹಿಡಿದು, ಎರಡನ್ನೂ ತಿರುತಿರುಗಿಸಿ ನೋಡಿ, ಬಣ್ಣ ಒಪ್ಪಿಗೆಯಾದರೆ ಮಾತ್ರ ತಕ್ಕಡಿಗೆ ಹಾಕಿಸುತ್ತಾರೆ. ಒಮ್ಮೆ ತರಕಾರಿಯವಳು ಇವರ ಸ್ಯಾಂಪಲ್ಲನ್ನೂ ಸೇರಿಸಿ ತೂಗಿಬಿಟ್ಟಳು. ಅವತ್ತು ರಾಯರು ಎಬ್ಬಿಸಿದ ಗಲಾಟೆ ನೋಡಲು ವಿಶಾಖಪಟ್ಟಣದ ನಮ್ಮ ಎಂವಿಪಿ ಕಾಲೋನಿಯ ಅರ್ಧ ಜನ ಸೇರಿದ್ದರು. ಉಳಿದರ್ಧಕ್ಕೆ ಸುದ್ದಿ ಮುಟ್ಟಿಸಿದವನು ನಾನು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಲ್ಲಿನ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಅವರದು ಬಣ್ಣದ ಇನ್‌ಸ್ಪೆಕ್ಷನ್ ಕೆಲಸ. ಕಾರ್ಖಾನೆ ತುಂಬ ಕೊಳವೆಗಳು. ನೀರಿನದಕ್ಕೊಂದು ಬಣ್ಣ, ಹಬೆಗೊಂದು, ಗ್ಯಾಸಿಗೊಂದು. ಕಂಟ್ರಾಕ್ಟರು ಬಳಿಸಿದ ಬಣ್ಣ ಒಪ್ಪಿಗೆಯಾದ ಸ್ಯಾಂಪಲ್ಲಿಗೆ ಹೊಂದುತ್ತದೋ ಇಲ್ಲವೋ ನೋಡಿ ಹೇಳುವುದರಲ್ಲೇ ರಾಯರ ಕೂದಲು ಬೆಳ್ಳಗಾಯಿತು. ನಾನು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ಅವರು ತುಮಕೂರಿನವರು, ನಾನು ಮಂಡ್ಯದವನು. ರಿಟೈರಾದ ಮೇಲೆ ಒಂದೇ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡೆವು. ಅವರದು ಮೇಲೆ, ನನ್ನದು ಕೆಳಗೆ. ದಿನಾ ಸಂಜೆ ಅವರ ಮನೆಯ ಕಾಫಿ ಕುಡಿಯುವುದು ನನ್ನ ಹಕ್ಕು ಎಂದೇ ನಾನು ತಿಳಿದಿದ್ದೇನೆ.

ಅಂಥ ಒಂದು ಸಂಜೆ ಶುರುವಾದದ್ದು ಈ ಕಂಪ್ಯೂಟರ್ ಪುರಾಣ.

ರಾಯರ ಸೊಸೆ ಉಷಶ್ರೀ ವಿಜಯವಾಡದ ಹುಡುಗಿ. ಮನೆಯಲ್ಲೇ ಕೂತು ಸೀರೆ ಅಂಗಡಿಗಳಿಗೆ ಬ್ಯಾನರು, ಕ್ಯಾಟಲಾಗು ಡಿಸೈನ್ ಮಾಡಿಕೊಡುತ್ತಾಳೆ. ಅವಳ ಹಳೆಯ ಕಂಪ್ಯೂಟರಿಗೆ ಕಾಮಾಲೆ ಬಂದಿತ್ತು. ಪರದೆಯ ಮೇಲೆ ಕಾಣುವ ಹಸಿರೇ ಒಂದು, ಅಚ್ಚಾಗಿ ಬರುವ ಹಸಿರೇ ಇನ್ನೊಂದು. ವಿಜಯವಾಡದ ರಾಮ್‌ಪ್ರಸಾದ್ ಎಂಬ ದೊಡ್ಡ ಸೀರೆ ವ್ಯಾಪಾರಿ ತಮ್ಮ ಅಂಗಡಿಯ ಹೆಸರಾಂತ ಗಿಳಿಹಸಿರು ಸೀರೆ ಬ್ಯಾನರಿನಲ್ಲಿ ಪಾಚಿಯ ಬಣ್ಣಕ್ಕೆ ತಿರುಗಿದ್ದು ನೋಡಿ ಫೋನಿನಲ್ಲೇ ಕೂಗಾಡಿದ್ದರು. ದಸರಾ ಕ್ಯಾಟಲಾಗಿನ ಮುಖಪುಟಕ್ಕೂ ಅದೇ ಸೀರೆ. ಈ ಸಲವೂ ಬಣ್ಣ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದುಬಿಟ್ಟಿದ್ದರು. ಅವರು ಕೈಬಿಟ್ಟರೆ ಉಳಿದ ಅಂಗಡಿಯವರೂ ಅವರ ಹಿಂದೆಯೇ ಹೋಗುವವರು. ಆ ಹುಡುಗಿ ಐದಾರು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಕೆಲಸ ಒಂದು ಹಸಿರಿನ ಮೇಲೆ ನಿಂತಿತ್ತು.

"ಮಾವಯ್ಯಾ, ನಾನೊಂದು ಡೆಸ್ಕ್‌ಟಾಪ್ ನೋಡಿಟ್ಟಿದ್ದೀನಿ," ಎಂದು ಉಷಶ್ರೀ ಫೋನು ತೋರಿಸಿದಳು. "ಮಾನಿಟರ್ ಡಿಸೈನ್ ಕೆಲಸಕ್ಕೇ ಅಂತ ಮಾಡಿದ್ದು. ಆರ್ಡರ್ ಮಾಡಿದರೆ ಮನೆಗೇ ಬಂದುಬಿಡುತ್ತೆ."

"ನೋಡದೇನೇ ಬಣ್ಣ ತಗೊಳ್ಳೋದಾ?" ರಾಯರು ಕಾಫಿ ಲೋಟ ಕೆಳಗಿಟ್ಟರು. "ಯಾರಮ್ಮ ಇನ್‌ಸ್ಪೆಕ್ಟ್ ಮಾಡಿದ್ದು?"

"ಬಣ್ಣ ಚೆಕ್ ಮಾಡೋಕೆ ಚಿಕ್ಕ ಡಿವೈಸ್ ಬರುತ್ತೆ ಮಾವಯ್ಯಾ. ಸ್ಕ್ರೀನ್ ಮೇಲೆ ಇಟ್ಟರೆ ಅದೇ ಸರಿ ಮಾಡುತ್ತೆ."

"ಯಂತ್ರದ ಬಣ್ಣ ಯಂತ್ರವೇ ನೋಡೋದಾ? ಕಂಟ್ರಾಕ್ಟರ್ ಕೆಲಸಕ್ಕೆ ಕಂಟ್ರಾಕ್ಟರೇ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು!"

"ಅವಳ ಕೆಲಸ ಅವಳಿಗೆ ಗೊತ್ತಿದೆ. ನೀವು ಸುಮ್ನಿರಬಾರದಾ?" ಎಂದರು ಅಡುಗೆಮನೆಯಿಂದ ರಾಯರ ಹೆಂಡತಿ ಪ್ರಫುಲ್ಲಮ್ಮ. ಮಗ ನಂದನ್ ಶಿಫ್ಟಿಗೆ ಹೊರಟವನು, ತಂದೆಯ ಮುಖ ನೋಡಿದ ಕೂಡಲೇ ಹೆಲ್ಮೆಟ್ ಹಾಕಿಕೊಂಡು ಇಳಿದುಹೋದ. ಬುದ್ಧಿವಂತ ಹುಡುಗ.

ಮರುದಿನದಿಂದ ರಾಯರು ವಿಶಾಖಪಟ್ಟಣದ ಕಂಪ್ಯೂಟರ್ ಅಂಗಡಿಗಳ ಮೇಲೆ ದಂಡೆತ್ತಿ ಹೋದರು. ಹೋದಲ್ಲೆಲ್ಲ ಕ್ಯಾಬಿನೆಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಒಳಗೆ ಪ್ರೈಮರ್ ಹೊಡೆದಿದ್ದೀರಾ?" ಎಂದು ಕೇಳಿದರು. ಉತ್ತರ ಬರುವ ಮೊದಲೇ ಮೂಲೆಯಲ್ಲಿ ಉಗುರಿನಿಂದ ಕೆರೆದು ನೋಡಿದರು. ರ‍್ಯಾಮ್ ತೋರಿಸಿದರೆ ಅದಕ್ಕೆ ತುಕ್ಕು ಹಿಡಿಯುತ್ತದೆಯೇ, ಸಮುದ್ರದ ಗಾಳಿಗೆ ಏನಾಗುತ್ತದೆ ಎಂದರು. ಎರಡನೆಯ ವಾರಕ್ಕೆ ಒಬ್ಬ ಅಂಗಡಿಯವನು ಕೈಮುಗಿದು, "ಸಾರ್, ನಿಮಗೆ ಬೇಕಾದ ಮಾಲು ನಮ್ಮ ಹತ್ತಿರ ಇಲ್ಲ, ಈ ಊರಲ್ಲೇ ಇಲ್ಲ," ಎಂದ. ರಾಯರು ಅದನ್ನು ಸಲಹೆಯೆಂದು ಸ್ವೀಕರಿಸಿದರು.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಒಂದು ದೊಡ್ಡ ಶೋರೂಮು ಇತ್ತು. ಅಲ್ಲಿಗೇ ಬಂದು ಪರದೆಯ ಮೇಲೆ ತಮ್ಮ ಸೀರೆಯ ಬಣ್ಣವನ್ನು ಕಣ್ಣಾರೆ ನೋಡಿ ಹೇಳುವುದಾಗಿ ರಾಮ್‌ಪ್ರಸಾದ್ ಒಪ್ಪಿದರು. ಉಷಶ್ರೀಯ ತವರುಮನೆಯೂ ಅಲ್ಲೇ ಪಕ್ಕದ ಬೀದಿ. ಬೆಳಗಿನ ರೈಲಿಗೆ ಹೊರಡುವುದೆಂದಾಯಿತು. ಪ್ರಫುಲ್ಲಮ್ಮನಿಗೆ ಮಂಡಿನೋವು, ಬರುವುದಿಲ್ಲ ಎಂದರು. ನನ್ನನ್ನು ಮಾತ್ರ ರಾಯರು ಬಿಡಲಿಲ್ಲ. ಇನ್‌ಸ್ಪೆಕ್ಷನ್ ಎಂದ ಮೇಲೆ ಸಾಕ್ಷಿಗೆ ಮೂರನೆಯ ಮನುಷ್ಯ ಇರಲೇಬೇಕಂತೆ.

ಉಷಶ್ರೀಗೆ ಬೇರೆ ಬೋಗಿಯಲ್ಲಿ ಸೀಟು ಸಿಕ್ಕಿತ್ತು. ನಾವಿಬ್ಬರೂ ಕಿಟಕಿಯ ಹತ್ತಿರ ಕೂತು ಹಳೆಯ ಕಾಲಕ್ಕೆ ಹೊರಟೆವು. ಕಾರ್ಖಾನೆ ಇನ್ನೂ ಕಟ್ಟುತ್ತಿದ್ದ ದಿನಗಳು. ಕನ್ನಡ ವಾರಪತ್ರಿಕೆ ಸ್ಟೇಷನ್ನಿನ ಅಂಗಡಿಗೆ ಹಳಸಿ ಬರುತ್ತಿತ್ತು. ಅದಕ್ಕೂ ನಾವು ಸೈಕಲ್ ತುಳಿದುಕೊಂಡು ಹೋಗಿ ಕಿತ್ತಾಡುತ್ತಿದ್ದೆವು. ಭಾನುವಾರ ಯಾರಾದರೊಬ್ಬರ ಕ್ವಾರ್ಟರ್ಸಿನಲ್ಲಿ ಕನ್ನಡದವರೆಲ್ಲ ಸೇರಿ ಬಿಸಿಬೇಳೆಬಾತು. ಊರಿಗೆ ಟ್ರಂಕ್‌ಕಾಲ್ ಹಚ್ಚಿ, ಲೈನು ಸಿಕ್ಕಾಗ ಏನು ಹೇಳಬೇಕೆಂದುಕೊಂಡಿದ್ದೆವೋ ಅದನ್ನೇ ಮರೆತು, "ಚೆನ್ನಾಗಿದ್ದೀರಾ, ಚೆನ್ನಾಗಿದ್ದೀವಿ" ಎಂದಷ್ಟೇ ಕಿರುಚಿ ಇಡುತ್ತಿದ್ದೆವು. ಗೋದಾವರಿ ಸೇತುವೆ ಬಂದಾಗ ಇಬ್ಬರೂ ಅಭ್ಯಾಸದಂತೆ ಕಾಸು ಎಸೆದೆವು. ಎಷ್ಟು ಒಳ್ಳೆಯ ಕಾಲ ಅದು, ಎಷ್ಟು ಬೇಗ ಹೋಯಿತು ಎಂದೆ ನಾನು.

ಆ ಹದದಲ್ಲಿ ರಾಯರು ಚೀಲದೊಳಗೆ ಕೈಹಾಕಿ, "ಸ್ಯಾಂಪಲ್ ತೋರಿಸ್ತೀನಿ, ನೋಡಿ," ಎಂದರು.

ನೋಡಿದೆ. ಗಿಳಿಹಸಿರು ರೇಷ್ಮೆಸೀರೆ, ಕುಂಕುಮ ಬಣ್ಣದ ಅಂಚು. ಅಂಗಡಿಯ ಕಾಗದ ಕೂಡ ಹಾಗೇ ಇದೆ. ಅದು ನಂದನ್ ಮದುವೆಯಲ್ಲಿ ಬೀಗರು ಪ್ರಫುಲ್ಲಮ್ಮನಿಗೆ ಇಟ್ಟ ಸೀರೆ.

"ಕೇಳಿ ತಂದ್ರಾ?"

"ಸ್ಯಾಂಪಲ್ ತೆಗೆಯೋವಾಗ ಯಾರನ್ನೂ ಕೇಳಬಾರದು ಸ್ವಾಮಿ. ಅವಳು ಸಹಸ್ರನಾಮಕ್ಕೆ ಹೋಗಿದ್ದಾಗ ಬೀರು ತೆಗೆದೆ. ಯೋಚನೆ ಮಾಡಿ, ಇದು ಯಾರ ಅಂಗಡಿ ಸೀರೆ? ರಾಮ್‌ಪ್ರಸಾದ್ ಅಂಗಡೀದು. ಅವರದೇ ಬಣ್ಣ, ಅವರದೇ ಬಟ್ಟೆ. ಆಮೇಲೆ ಅವರು ಇಲ್ಲ ಅನ್ನೋ ಹಾಗೇ ಇಲ್ಲ!"

ತರ್ಕದಲ್ಲಿ ತಪ್ಪೇ ಇರಲಿಲ್ಲ. ರಾಯರ ಜೀವನದ ಅನಾಹುತಗಳೆಲ್ಲ ಹೀಗೆ ತರ್ಕದಲ್ಲಿ ತಪ್ಪಿಲ್ಲದೆ ಆದಂಥವು.

ಬೀಗರ ಮನೆಯಲ್ಲಿ ಸ್ವಾಗತವೇನೋ ಜೋರಾಗಿತ್ತು. ಬೀಗರು ಈಶ್ವರಯ್ಯನವರು ರಿಟೈರಾದ ಸಬ್‌ರಿಜಿಸ್ಟ್ರಾರು, ಮಾತು ಕಡಿಮೆ. ಅವರ ಹೆಂಡತಿ ಲಕ್ಷ್ಮೀಕಾಂತಮ್ಮ ಎರಡೂ ಪಾಲಿನ ಮಾತು ಆಡುವವರು. "ರಂಡಿ ಅನ್ನಯ್ಯಗಾರೂ, ರಂಡಿ," ಎಂದು ತಮ್ಮ ತೆಲುಗಿನಲ್ಲಿ ಬನ್ನಿ ಬನ್ನಿ ಹೇಳಿ ಕೂರಿಸಿ, ಹೆಸರುಕಾಳಿನ ಪೆಸರಟ್ಟು ದೋಸೆ ಹಾಕುತ್ತ, ಸೋಫಾದ ಮೇಲಿದ್ದ ರಾಯರ ಚೀಲವನ್ನು ಒಳಗಿಡಲು ಎತ್ತಿಕೊಂಡರು. ರಾಯರ ಚೀಲದ ಜಿಪ್ಪು ಎಂದೂ ಮುಚ್ಚಿದ್ದಲ್ಲ. ಒಳಗೆ ಹೋದ ಲಕ್ಷ್ಮೀಕಾಂತಮ್ಮ ಹೊರಗೆ ಬಂದಾಗ ಬೇರೆಯೇ ಹೆಂಗಸಾಗಿದ್ದರು. ಮಾತು ನಿಂತಿತ್ತು. ಕಾಫಿ ಬೆಳ್ಳಿ ಲೋಟದಲ್ಲಿ ಬಂತು.

ವಿಜಯವಾಡದವರು ವಿಪರೀತ ಮರ್ಯಾದೆ ತೋರಿಸತೊಡಗಿದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದು ತಿಳಿಯಬೇಕು. ನನಗೆ ತಿಳಿಯಿತು. ರಾಯರು ಇನ್ನೊಂದು ಪೆಸರಟ್ಟು ಹಾಕಿಸಿಕೊಂಡರು.

ಆಯಮ್ಮನ ಜಾಗದಲ್ಲಿ ನಿಂತು ನೀವೇ ನೋಡಿ. ಮದುವೆಯಲ್ಲಿ ಬೀಗಿತ್ತಿಗೆ ಇಟ್ಟ ಸೀರೆ ವಾಪಸು ಬರುವುದೆಂದರೆ ನಮ್ಮಲ್ಲೂ ಅವರಲ್ಲೂ ಅರ್ಥ ಒಂದೇ: ನಿಮ್ಮ ನೆಂಟಸ್ತನ ಸಾಕು. ಅದೂ ಒಂದು ಸಲವೂ ಉಡದೆ, ಅಂಗಡಿ ಕಾಗದದ ಸಮೇತ. ಸೀರೆಯ ಜೊತೆಗೆ ಮಗಳನ್ನೂ ಕರೆತಂದಿದ್ದಾರೆ. ಅಳಿಯ ಬಂದಿಲ್ಲ. ಬೀಗಿತ್ತಿ ಬಂದಿಲ್ಲ. ಬದಲಿಗೆ ಸಾಕ್ಷಿಗೆಂದು ಒಬ್ಬ ಮೂರನೆಯ ಗಂಡಸು ಬಂದಿದ್ದಾನೆ; ಅಂದರೆ ನಾನು!

ಬಂದವರು ತಾವಾಗಿ ಬಾಯಿಬಿಡುವ ತನಕ ಕೇಳುವಂತಿಲ್ಲ, ಮರ್ಯಾದೆಯಲ್ಲ. ಉಷಶ್ರೀಯನ್ನು ಕೇಳೋಣವೆಂದರೆ ಅವಳು ಸ್ನಾನ ಮುಗಿಸಿ, ಡಿಸೈನು ಸರಿಮಾಡುತ್ತ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದಾಳೆ. ಮಗಳು ಮಾತಾಡುತ್ತಿಲ್ಲ ಎಂದು ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈಶ್ವರಯ್ಯನವರು ಹಿತ್ತಿಲಿಗೆ ಹೋಗಿ ಯಾರಿಗೋ ಫೋನು ಮಾಡಿದರು. ಊಟದ ಹೊತ್ತಿಗೆ ಕಾಮೇಶ್ವರ ಎಂಬ ಹಿರಿಯರು ಬಂದು ಕೂತರು. ಈ ಸಂಬಂಧ ಕುದುರಿಸಿದವರೇ ಅವರು.

ಊಟಕ್ಕೆ ಕೂತೆವು. ರಾಯರು ಗೋಂಗುರ ಪಚ್ಚಡಿ ಹೊಗಳಿ ಹೊಗಳಿ ತಿಂದರು, ಪುಳಿಯೋಗರೆ ಎರಡು ಸಲ ಕೇಳಿ ಹಾಕಿಸಿಕೊಂಡರು. ಕಾಮೇಶ್ವರ ನನ್ನ ಕಿವಿಯಲ್ಲಿ, "ಎಂಥ ಗಟ್ಟಿ ಗುಂಡಿಗೆ ಅಂಡಿ ನಿಮ್ಮ ಸ್ನೇಹಿತನದು! ಸಂಬಂಧ ಮುರಿಯೋಕೆ ಬಂದ ಮನೇಲಿ ಹೀಗೂ ಊಟ ಮಾಡ್ತಾರಾ?" ಎಂದರು. ಅವರು ಹೇಳಿದ್ದೇನೆಂದು ನನಗೆ ಅರ್ಥವಾಗಿ, ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರು ಕೈತೊಳೆದು ಚೀಲ ಹೆಗಲಿಗೇರಿಸಿ, "ಏಳಿ ಏಳಿ, ಹೊತ್ತಾಯ್ತು," ಎಂದು ಉಷಶ್ರೀಯನ್ನೂ ಕರೆದು, ನನ್ನನ್ನು ಎಳೆದುಕೊಂಡೇ ಹೊರಟರು.

ಶೋರೂಮಿನ ಗೋಡೆಯೆಲ್ಲ ಗಾಜು. ತೇಜ ಎಂಬ ಸೇಲ್ಸ್ ಹುಡುಗ ನಗುನಗುತ್ತ ಬಂದ. ರಾಯರು ಮೊದಲನೆಯ ಕ್ಯಾಬಿನೆಟ್ಟನ್ನು ತಟ್ಟಿ ಪ್ರೈಮರಿನ ವಿಷಯ ಕೇಳಿದ ಮೇಲೆ ಅವನ ನಗು ಅರ್ಧವಾಯಿತು. ಉಷಶ್ರೀ ಸಾಲಾಗಿದ್ದ ಮಾನಿಟರುಗಳಲ್ಲೆಲ್ಲ ತನ್ನ ಮುಖಪುಟವನ್ನು ತೆರೆದಿಟ್ಟಳು. ಎಲ್ಲದರಲ್ಲೂ ಒಂದೇ ಸೀರೆ, ಒಂದೊಂದರಲ್ಲೂ ಒಂದೊಂದು ಹಸಿರು. ಆಗ ರಾಯರು ಚೀಲ ಬಿಚ್ಚಿ, ಆ ಸೀರೆಯನ್ನು ಝಾಡಿಸಿ, ಮಾನಿಟರುಗಳ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಹರವಿಬಿಟ್ಟರು.

"ಮಾವಯ್ಯಾ! ಇದು ಅತ್ತಯ್ಯನ ಸೀರೆ ಕದಾ!"

"ಹೌದು. ಮಾಸ್ಟರ್ ಸ್ಯಾಂಪಲ್."

ಜನ ಸೇರಿದರು. ಒಬ್ಬ ಅಜ್ಜಿ ಸೀರೆಗೆ ಎಷ್ಟು ಎಂದು ಕೇಳಿದರು. ಪೂಜೆಗಿಟ್ಟಿದ್ದಾರೆಂದು ತಿಳಿದ ಒಬ್ಬರು ಚಪ್ಪಲಿ ಬಿಟ್ಟು ನಿಂತರು. ರಾಯರು ಯಾರನ್ನೂ ಲಕ್ಷಿಸದೆ, ಒಂದು ಕಣ್ಣು ಮುಚ್ಚಿ, ಬಗ್ಗಿ, ಸೀರೆಯನ್ನೊಮ್ಮೆ ಪರದೆಯನ್ನೊಮ್ಮೆ ನೋಡುತ್ತ ಸಾಗಿದರು. "ರಿಜೆಕ್ಟ್. ನೀಲಿ ಜಾಸ್ತಿ. ರಿಜೆಕ್ಟ್. ಇದು ಹಸಿರೇ ಅಲ್ಲ, ರಿಜೆಕ್ಟ್." ಕೊನೆಗೆ ಒಂದರ ಮುಂದೆ ನಿಂತೇಬಿಟ್ಟರು. ಪರದೆಯೊಳಗಿನ ಸೀರೆ ಎಲ್ಲಿ ಮುಗಿದು ಹೊರಗಿನ ಸೀರೆ ಎಲ್ಲಿ ಶುರುವಾಯಿತೋ ನನಗಂತೂ ಗೊತ್ತಾಗಲಿಲ್ಲ.

"ಪಾಸ್!" ಎಂದರು ರಾಯರು. "ನೋಡಿದೆಯಾ ಉಷಾ? ಹೀಗೆ ಹುಡುಕಬೇಕು."

"ಮಾವಯ್ಯಾ, ನಾನು ಫೋನಲ್ಲಿ ತೋರಿಸಿದ್ದು ಇದೇ."

"ಇರಬಹುದು. ಆಗ ಇನ್‌ಸ್ಪೆಕ್ಷನ್ ಆಗಿರಲಿಲ್ಲ."

ಆ ಕ್ಷಣಕ್ಕೆ ಸರಿಯಾಗಿ ಬಾಗಿಲು ದೂಡಿಕೊಂಡು ಲಕ್ಷ್ಮೀಕಾಂತಮ್ಮ, ಈಶ್ವರಯ್ಯ, ಕಾಮೇಶ್ವರ ಮೂವರೂ ನುಗ್ಗಿದರು. ನಮ್ಮ ಹಿಂದೆಯೇ ಆಟೋದಲ್ಲಿ ಬಂದವರು, ಗಾಜಿನಾಚೆಯಿಂದ ಎಲ್ಲವನ್ನೂ ನೋಡಿದ್ದರು.

"ಮನೇಲಿ ಹೇಳಿದ್ದರೆ ಸಾಲದೇ ಅನ್ನಯ್ಯಗಾರೂ?" ಲಕ್ಷ್ಮೀಕಾಂತಮ್ಮ ತೆಲುಗಿನಲ್ಲಿ ಗೊಳೋ ಎಂದರು. "ನಾವು ಇಟ್ಟ ಸೀರೆನ ಬಜಾರಿನಲ್ಲಿ ಹರವಬೇಕೇ? ನಮ್ಮ ಹುಡುಗಿ ಏಂ ತಪ್ಪು ಚೇಸಿಂದಿ?"

"ಬಾವಗಾರೂ, ಕೂತು ಮಾತಾಡೋಣ," ಎಂದರು ಈಶ್ವರಯ್ಯ. ಆ ದಿನ ಅವರು ನಮ್ಮೊಡನೆ ಆಡಿದ ಮೊದಲ ಮಾತು ಅದು.

"ಯಾರು ಏನು ತಪ್ಪು ಮಾಡಿದರು? ಬಣ್ಣ ಪಾಸಾಗಿದೆಯಲ್ಲ!" ಎಂದರು ರಾಯರು. ಜನ ಎರಡು ಪಕ್ಷವಾದರು. ಚಪ್ಪಲಿ ಬಿಟ್ಟವರು ಹುಡುಗಿಯ ಕಡೆ. ನಾನು ಅಡ್ಡಬಂದು, ಇದು ಬರೀ ಸ್ಯಾಂಪಲ್ಲು, ವಾಪಸು ತಂದದ್ದಲ್ಲ ಎಂದು ನನಗೆ ಬರುವ ತೆಲುಗಿನಲ್ಲೆಲ್ಲ ವಿವರಿಸಿದೆ. ಕಾಮೇಶ್ವರ ಒಂದೇ ಪ್ರಶ್ನೆ ಕೇಳಿದರು: "ಸರಿ, ಹಾಗಾದರೆ ಇಷ್ಟು ವರ್ಷ ಉಡಲಿಲ್ಲ ಏಕೆ?"

ನನ್ನ ತೆಲುಗು ಅಲ್ಲಿಗೆ ಮುಗಿಯಿತು.

ಇದರ ಮಧ್ಯೆ ರಾಮ್‌ಪ್ರಸಾದ್ ಬಂದು ನಿಂತಿದ್ದರು. ಯಾರೂ ನೋಡಿರಲಿಲ್ಲ. ಅವರು ಪರದೆಯ ಹಸಿರನ್ನು ನೋಡಿದರು, ಅಳುತ್ತಿದ್ದ ಲಕ್ಷ್ಮೀಕಾಂತಮ್ಮನನ್ನು ನೋಡಿದರು. "ಬಣ್ಣ ಸರಿಯಾಗೇ ಇದೆಯಮ್ಮಾ," ಎಂದರು ಉಷಶ್ರೀಗೆ, ಬೇಸರದಿಂದಲೇ. "ಆದರೆ ಬೀಗಿತ್ತಿ ಬೇಡವೆಂದು ಬಿಟ್ಟ ಸೀರೇನ ನಾನು ದಸರಾ ಕ್ಯಾಟಲಾಗಿನ ಮೇಲೆ ಹೇಗೆ ಹಾಕಲಿ? ಇಲ್ಲಿ ಇಷ್ಟು ಜನ ನೋಡಿದ್ದಾರೆ. ನಾಳೆ ಊರೆಲ್ಲ ಹೇಳುತ್ತೆ. ಬೇಡ, ಬಿಡಿ. ಈ ವರ್ಷ ಬೇರೆಯವರ ಹತ್ತಿರ ಮಾಡಿಸ್ತೀನಿ."

ಉಷಶ್ರೀಯ ಮುಖ ಸಣ್ಣಗಾಯಿತು. ಕೆಲಸ ಹೋಯಿತೆಂದು ಮಾತ್ರವಲ್ಲ. ಅವಳು ರಾಯರ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಪ್ರತಿ ಹಬ್ಬಕ್ಕೂ ಉಟ್ಟುಕೊಳ್ಳಿ ಅತ್ತಯ್ಯಾ ಅಂತ ಕೇಳ್ತಿದ್ದೆ. ಆಮೇಲೆ, ಆಮೇಲೆ ಅನ್ನೋರು. ಅವರಿಗೆ ಇಷ್ಟ ಇರಲಿಲ್ಲವಾ ಮಾವಯ್ಯಾ?"

ರಾಯರು ಬಗ್ಗಿ ಸೀರೆಯ ಸುಕ್ಕು ಸರಿಮಾಡತೊಡಗಿದರು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ಉಷಶ್ರೀಯ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್, ಪ್ರಫುಲ್ಲಮ್ಮ. ಗದ್ದಲದಲ್ಲಿ ಏನೂ ಕೇಳದೆ ಅವಳು ಪರದಾಡುತ್ತಿದ್ದಾಗ ತೇಜ ಫೋನು ಇಸಿದುಕೊಂಡು, ಏನು ಮಾಡಿದನೋ, ಪಾಸಾದ ಮಾನಿಟರಿಗೇ ಜೋಡಿಸಿಬಿಟ್ಟ. ಅತ್ತೂ ಅತ್ತೂ ಕೆಂಪಾದ ಪ್ರಫುಲ್ಲಮ್ಮನ ಮುಖ ಇಷ್ಟಗಲ ಬಂದು ನಿಂತಿತು.

"ಉಷಾ, ಬೀರುವಿನಲ್ಲಿ ನಿಮ್ಮಮ್ಮ ಕೊಟ್ಟ ಸೀರೆ ಇಲ್ಲ ಕಣೇ! ಬೇರೆ ಏನು ಹೋಗಿದ್ದರೂ ನಾನು ಇಷ್ಟು ಅಳ್ತಿರಲಿಲ್ಲ. ಪೊಲೀಸರಿಗೆ ಹೇಳೋಣ ಅಂದರೆ ನಂದನ್ ಬೇಡ ಅಂತಾನೆ…" ಎನ್ನುತ್ತಿದ್ದವರು ಕ್ಯಾಮರಾದಲ್ಲಿ ಸೀರೆ ಕಂಡು ಗಕ್ಕನೆ ನಿಂತರು. "ಅಯ್ಯೋ! ಅದು ಅಲ್ಲಿಗೆ ಹೇಗೆ ಬಂತು? ಕರ್ಮ, ಇವರದೇ ಕೆಲಸವಾ ಇದು!"

ಲಕ್ಷ್ಮೀಕಾಂತಮ್ಮ ಮುಂದೆ ಬಂದರು. "ವದಿನಗಾರೂ, ಅಷ್ಟು ಅಳ್ತೀರಲ್ಲ. ಹಾಗಾದರೆ ಯಾಕೆ ಒಂದು ದಿನವೂ ಉಡಲಿಲ್ಲ?"

ಪ್ರಫುಲ್ಲಮ್ಮ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದರು.

"ನಾನು ಹೊಸದಾಗಿ ಈ ಊರಿಗೆ ಬಂದಾಗ ಕಾರ್ಖಾನೆ ಇನ್ನೂ ಕಟ್ಟುತ್ತಿದ್ದರು. ಇವರು ಬೆಳಗಾಗೋ ಮೊದಲೇ ಹೋದರೆ ಬರೋದು ಯಾವಾಗಲೋ. ನನಗೆ ಒಂದಕ್ಷರ ತೆಲುಗು ಬರ್ತಿರಲಿಲ್ಲ. ಕಿಟಕಿ ಹತ್ತಿರ ಕೂತು ಅಳ್ತಿದ್ದೆ. ಪಕ್ಕದ ಮನೆ ಇಂದಿರಮ್ಮನವರು ಅದನ್ನ ನೋಡಿ ದಿನಾ ಕರೆದು ಊಟಕ್ಕೆ ಹಾಕೋರು. ಮೊದಲನೇ ದಸರಾಗೆ ಒಂದು ಹಸಿರು ಸೀರೆ ತಂದು ಕೊಟ್ಟು, ಇದು ಪುಟ್ಟಿಂಟಿ ಚೀರ, ತವರಿನ ಸೀರೆ, ನಾನೇ ನಿನಗೆ ಅಮ್ಮ ಅಂದುಕೋ ಅಂದರು. ಅದನ್ನ ಹರಿಯೋ ತನಕ ಉಟ್ಟೆ. ಅವರೂ ಹೋದರು. ಮದುವೇಲಿ ನೀವು ತಟ್ಟೆಯಲ್ಲಿಟ್ಟು ಕೊಟ್ಟ ಸೀರೆ ನೋಡಿದೆ ನೋಡಿ, ಅದೇ ಹಸಿರು, ಅದೇ ಅಂಚು. ಇಂದಿರಮ್ಮನವರೇ ತಿರುಗಿ ಕಳಿಸಿದ ಹಾಗಾಯ್ತು. ಉಟ್ಟರೆ ಇದೂ ಹರಿದುಹೋಗುತ್ತಲ್ಲ ವದಿನಗಾರೂ. ಅದಕ್ಕೇ ಆಗಾಗ ತೆಗೆದು, ಮುಟ್ಟಿ ನೋಡಿ, ಹಾಗೇ ಮಡಚಿಡ್ತೀನಿ."

ಲಕ್ಷ್ಮೀಕಾಂತಮ್ಮ ಪರದೆಯನ್ನೇ ಸವರಿದರು. ತೇಜ ಮುಟ್ಟಬೇಡಿ ಎನ್ನಲಿಲ್ಲ. ಉಷಶ್ರೀ ಅತ್ತೆಯ ಮುಖ ನೋಡುತ್ತ ನಿಂತಲ್ಲೇ ಅಳುತ್ತಿದ್ದಳು, ಆದರೆ ಈಗಿನ ಅಳು ಬೇರೆ. ರಾಮ್‌ಪ್ರಸಾದ್ ಕನ್ನಡಕ ಒರೆಸಿಕೊಂಡರು. "ಅಮ್ಮಾ ಉಷಶ್ರೀ, ಮುಖಪುಟ ಇದೇ ಇರಲಿ. ನೀವೇ ಮಾಡಿ. ಮ್ಯಾಟರಿನಲ್ಲಿ 'ಪುಟ್ಟಿಂಟಿ ಚೀರ' ಅಂತ ದೊಡ್ಡದಾಗಿ ಬರಲಿ." ವ್ಯಾಪಾರಿ ಎಷ್ಟಾದರೂ ವ್ಯಾಪಾರಿ. ಕಾಮೇಶ್ವರ ಎಲ್ಲರಿಗೂ ಕೈಮುಗಿದು, ಸಂಬಂಧ ಎರಡನೇ ಸಲ ಕುದುರಿಸಿದವರ ಹಾಗೆ ಬೀಗಿದರು. ತೇಜ ಬಿಲ್ಲು ಬರೆಯಲು ಓಡಿದ.

"ಆ ಹಳೇ ಸೀರೆ ಅನ್ನಯ್ಯಗಾರಿಗೆ ಗೊತ್ತಿರಲಿಲ್ಲವಾ?" ಎಂದರು ಲಕ್ಷ್ಮೀಕಾಂತಮ್ಮ.

"ಇವರಿಗೆಲ್ಲಿ ನೆನಪಿರುತ್ತೆ!" ಪ್ರಫುಲ್ಲಮ್ಮ ಕಣ್ಣೊರೆಸಿಕೊಂಡು ನಕ್ಕರು. "ಪೈಪಿನ ಬಣ್ಣ ಕೇಳಿ, ಹೇಳ್ತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ರಾಯರು ನಗಲಿಲ್ಲ. ಅವರು ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ಅದು ಈ ಬಣ್ಣ ಅಲ್ಲ ಪ್ರಫುಲ್ಲಾ," ಎಂದರು. "ಇದಕ್ಕಿಂತ ತಿಳಿ. ಅಂಚು ಇನ್ನೊಂದು ಬೆರಳು ಅಗಲ ಇತ್ತು. ಸೆರಗಿನ ಹತ್ತಿರ ಊದುಬತ್ತಿ ಕಿಡಿ ಬಿದ್ದು ಸಣ್ಣ ತೂತಾಗಿತ್ತು. ಅದು ಕಾಣಬಾರದು ಅಂತ ನೀನು ಸೆರಗು ಮಡಚಿ ಒಳಗೆ ಸೇರಿಸ್ತಿದ್ದೆ."

ಪರದೆಯ ಮೇಲೆ ಪ್ರಫುಲ್ಲಮ್ಮ ಗಂಡನನ್ನು ಮೊದಲ ಸಲ ಕಂಡವರಂತೆ ನೋಡಿದರು.

"ತಿಳಿಯಾಗಿದ್ದು ಒಗೆದೂ ಒಗೆದೂ ಕಣ್ರೀ," ಎಂದರು ಮೆತ್ತಗೆ. "ಹೊಸದರಲ್ಲಿ ಸರಿಯಾಗಿ ಇದೇ ಬಣ್ಣ ಇತ್ತು."

"ಹೊಸದರಲ್ಲಿ ನಾನು ನೋಡಲೇ ಇಲ್ಲ," ಎಂದರು ರಾಯರು. "ನಾನು ಬರೋ ಹೊತ್ತಿಗೆ ನೀನು ಬದಲಾಯಿಸಿ ಮಲಗಿರ್ತಿದ್ದೆ. ನಾನು ನೋಡೋ ಹೊತ್ತಿಗೆ ಅದು ತಿಳಿಯಾಗಿತ್ತು." ಸೀರೆಯನ್ನು ಮಾನಿಟರುಗಳ ಮೇಲಿಂದ ಮೆಲ್ಲಗೆ ಎತ್ತಿ, ಬರದಿದ್ದರೂ ಮಡಚಲು ನೋಡಿದರು. "ಇದನ್ನ ಉಡು ಪ್ರಫುಲ್ಲಾ. ಹರಿದರೆ ಹರೀಲಿ. ನಾನು ನಾಳೆ ಮಧ್ಯಾಹ್ನದೊಳಗೆ ಬಂದುಬಿಡ್ತೀನಿ. ಬಿಸಿಲಿರೋವಾಗ ಉಡು, ನೋಡ್ತೀನಿ."